ಟಿ.ಎಂ.ಟಿ. ನಾರ್ಮಲ್ ಬಂತು, ಹಾಗಾದ್ರೆ ರಕ್ತನಾಳ ಚೆನ್ನಾಗಿದೆಯಾ?

ಪ್ರಶ್ನೆ: ನನಗೆ 32 ವರ್ಷ. ಊರು ಹಾಸನದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಅಪ್ಪನಿಗೆ 48ನೇ ವಯಸ್ಸಿನಲ್ಲಿ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದ್ದೇವೆ. ಚಿಕ್ಕಪ್ಪ 44ಕ್ಕೇ ತೀರಿಹೋದರು. 2025ರಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಕೇಳಿ ಹೆದರಿ ಇ.ಸಿ.ಜಿ., ಎಕೋ, ಟಿ.ಎಂ.ಟಿ. ಮೂರನ್ನೂ ಮಾಡಿಸಿದೆ. ಮೂರೂ ನಾರ್ಮಲ್. ಒಟ್ಟು ಕೊಲೆಸ್ಟ್ರಾಲ್ 224, ಕೆಟ್ಟದ್ದು ಅನ್ನುವ ಎಲ್‌ಡಿಎಲ್ 148, ಒಳ್ಳೆಯದು ಅನ್ನುವ ಎಚ್‌ಡಿಎಲ್ 34, ಟ್ರೈಗ್ಲಿಸರೈಡ್ 210 ಇದೆ. ‘ಸ್ವಲ್ಪ ಜಾಸ್ತಿ, ವಾಕಿಂಗ್ ಮಾಡಿ’ ಅಂದರು. ವಾರಕ್ಕೆ ಮೂರು ದಿನ ಜಿಮ್‌ಗೆ ಹೋಗುತ್ತೇನೆ. ದಿನಕ್ಕೆ ಮೂರೋ ನಾಲ್ಕೋ ಸಿಗರೇಟು ಸೇದುತ್ತೇನೆ, ಅಷ್ಟೇ. ನನ್ನ ರಕ್ತನಾಳದಲ್ಲಿ ಕಾಯಿಲೆ ಶುರುವಾಗಿದೆಯೋ ಇಲ್ಲವೋ ಈಗಲೇ ತಿಳಿಯಬಹುದಾ? ದೇಹ ಮುಂಚೆಯೇ ಏನಾದರೂ ಸೂಚನೆ ಕೊಡುತ್ತದಾ?

ಉತ್ತರ: ನಿಮ್ಮ ಮೂರು ರಿಪೋರ್ಟುಗಳೂ ಸುಳ್ಳು ಹೇಳುತ್ತಿಲ್ಲ. ಆದರೆ ನೀವು ಕೇಳಿದ್ದು ಒಂದು, ಅವು ಉತ್ತರ ಕೊಟ್ಟಿರುವುದು ಇನ್ನೊಂದಕ್ಕೆ.

ಇ.ಸಿ.ಜಿ. ಹೃದಯದ ವಿದ್ಯುತ್ ಓಡಾಟವನ್ನು ನೋಡುತ್ತದೆ. ಎಕೋ ನೋಡುವುದು ಸ್ನಾಯು ಮತ್ತು ಕವಾಟಗಳನ್ನು. ಟಿ.ಎಂ.ಟಿ.ಯಲ್ಲಿ ನಿಮ್ಮನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಹೃದಯಕ್ಕೆ ಜಾಸ್ತಿ ರಕ್ತ ಬೇಕಾದಾಗ ಅದು ಸಿಗುತ್ತಿದೆಯಾ ಅಂತ ನೋಡುತ್ತಾರೆ. ನಾಳ ಸುಮಾರು 70%ರಷ್ಟು ಕಿರಿದಾಗುವವರೆಗೆ ರಕ್ತ ಹೇಗೋ ಸಾಗುತ್ತದೆ, ಟಿ.ಎಂ.ಟಿ. ಪಾಸಾಗುತ್ತದೆ. ಅಂದರೆ ನಿಮ್ಮ ರಿಪೋರ್ಟಿನ ಅರ್ಥ ‘ಇವತ್ತು ದೊಡ್ಡ ಬ್ಲಾಕ್ ಇರುವ ಹಾಗೆ ಕಾಣುತ್ತಿಲ್ಲ’ ಅಂತ ಮಾತ್ರ. ‘ಕಾಯಿಲೆ ಇಲ್ಲ’ ಅಂತ ಅದು ಹೇಳಿಲ್ಲ, ಹೇಳುವುದಕ್ಕೆ ಅದಕ್ಕೆ ಬರುವುದೂ ಇಲ್ಲ.

ಬಹಳ ಜನ ಬ್ಲಾಕ್ ಅಂದರೆ ನೀರಿನ ಪೈಪಿನಲ್ಲಿ ಕಸ ಕಟ್ಟಿಕೊಳ್ಳುವ ಹಾಗೆ ಅಂದುಕೊಂಡಿದ್ದಾರೆ. ಅದಕ್ಕಿಂತ ಮಳೆಗಾಲದಲ್ಲಿ ಹಳೇ ಮನೆಯ ಗೋಡೆ ನೆನೆಸಿಕೊಳ್ಳಿ. ಗಾರೆಯ ಹಿಂದೆ ತೇವ ಸೇರುತ್ತದೆ, ಒಳಗೊಳಗೇ ಉಬ್ಬುತ್ತದೆ, ಮೇಲಿನ ಸುಣ್ಣ ಮಾತ್ರ ಬೆಳ್ಳಗೇ ಇರುತ್ತದೆ. ಒಂದು ದಿನ ಹಪ್ಪಳದಂತೆ ಕಿತ್ತು ಬರುತ್ತದೆ. ಕೊಲೆಸ್ಟ್ರಾಲ್ ಸೇರುವುದೂ ಹಾಗೇ. ಅದು ನಾಳದ ಟೊಳ್ಳಿನಲ್ಲಿ ಅಲ್ಲ, ಗೋಡೆಯ ಒಳಗೆ ಸೇರುತ್ತದೆ. ಗೋಡೆ ದಪ್ಪವಾದಂತೆ ನಾಳ ಹೊರಗಡೆಗೆ ಹಿಗ್ಗಿ ರಕ್ತದ ದಾರಿಯನ್ನು ಕಾಪಾಡಿಕೊಳ್ಳುತ್ತದೆ. ಸೀಮೋರ್ ಗ್ಲಾಗೋವ್ ಎಂಬ ಅಮೆರಿಕದ ವೈದ್ಯರು ಮತ್ತು ಅವರ ತಂಡ 1987ರಲ್ಲಿ ಇದನ್ನು ತೋರಿಸಿದರು. ಕೊಬ್ಬಿನ ಗಡ್ಡೆ ನಾಳದ ಸುಮಾರು 40% ಜಾಗ ತಿನ್ನುವವರೆಗೂ ಟೊಳ್ಳು ಅಷ್ಟಾಗಿ ಕಿರಿದಾಗುವುದಿಲ್ಲ. ಇಂಥ ಅರೆಬರೆ ಗಡ್ಡೆಯೇ ಒಡೆದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಅರ್ಧ ಗಂಟೆಯ ಹಿಂದೆ ತೆರೆದಿದ್ದ ನಾಳ ಪೂರ್ತಿ ಮುಚ್ಚಿಹೋಗಬಹುದು. ‘ಹೋದ ತಿಂಗಳು ತಾನೇ ಟಿ.ಎಂ.ಟಿ. ಮಾಡಿಸಿದ್ದ ಕಣ್ರೀ, ಎಲ್ಲ ಸರಿ ಇತ್ತು’ ಅಂತ ಸಾವಿನ ಮನೆಯಲ್ಲಿ ಜನ ಮಾತಾಡುತ್ತಾರಲ್ಲ, ಅದರ ಹಿಂದೆ ಇರುವುದು ಇದೇ.

ಇನ್ನು, ಇದು ಯಾವ ವಯಸ್ಸಿನಲ್ಲಿ ಶುರುವಾಗುತ್ತದೆ? ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಸೇನೆಯ ವೈದ್ಯರು ಪರೀಕ್ಷಿಸಿ 1953ರಲ್ಲಿ ವರದಿ ಬರೆದರು. ಸರಾಸರಿ ವಯಸ್ಸು 22. ಗುಂಡಿಗೆ ಬಲಿಯಾದ, ಗಟ್ಟಿಮುಟ್ಟಾದ ಹುಡುಗರು. ಅವರಲ್ಲಿ 77% ಜನರ ಹೃದಯದ ನಾಳಗಳಲ್ಲಿ ಕಾಯಿಲೆಯ ಗುರುತು ಕಣ್ಣಿಗೇ ಕಾಣುತ್ತಿತ್ತು. ಎಲ್ಲರಿಗೂ ದೊಡ್ಡ ಬ್ಲಾಕ್ ಇತ್ತು ಅಂತಲ್ಲ. ಹೆಚ್ಚಿನವರಲ್ಲಿ ಶುರುವಿನ ಹಂತ ಅಷ್ಟೇ. ಹಾಗಾಗಿ ‘ಶುರುವಾಗಿದೆಯಾ’ ಎಂಬ ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ: ಅಪ್ಪನ ಚರಿತ್ರೆ, ಈ ಎಲ್‌ಡಿಎಲ್, ಈ ಸಿಗರೇಟು ಮೂರನ್ನೂ ಇಟ್ಟುಕೊಂಡು ನೋಡಿದರೆ, ಸ್ವಲ್ಪ ಶುರುವಾಗಿದೆ ಅಂತಲೇ ಇಟ್ಟುಕೊಂಡು ಮುಂದೆ ಯೋಚಿಸಿ. ಎಷ್ಟು ಮುಂದೆ ಹೋಗಿದೆ, ಯಾವ ವೇಗದಲ್ಲಿ ಹೋಗುತ್ತಿದೆ ಅನ್ನುವುದೇ ಕೆಲಸಕ್ಕೆ ಬರುವ ಪ್ರಶ್ನೆ.

ಎಲ್ಲಕ್ಕಿಂತ ಮೊದಲು ಕೆಡುವುದು ನಾಳದ ಸ್ವಭಾವ. ರಕ್ತನಾಳದ ಒಳಮೈಗೆ ಒಂದೇ ಜೀವಕೋಶದಷ್ಟು ತೆಳುವಾದ ಒಂದು ಪದರ ಇದೆ. ರಕ್ತ ಜೋರಾಗಿ ಹರಿದಾಗ ಈ ಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ, ನಾಳ ಸಡಿಲವಾಗಿ ಅಗಲವಾಗುತ್ತದೆ. ಇದನ್ನು ಕಂಡುಹಿಡಿದ ಮೂವರಿಗೆ 1998ರ ನೊಬೆಲ್ ಸಿಕ್ಕಿತು. ಹೊಗೆ, ಶುಗರ್, ಬಿ.ಪಿ., ಕೊಲೆಸ್ಟ್ರಾಲ್ ಎಲ್ಲವೂ ಮೊದಲು ಹೊಡೆಯುವುದು ಈ ಪದರಕ್ಕೆ. ಪೆಟ್ಟು ತಿಂದ ನಾಳ ಹಿಗ್ಗಬೇಕಾದಾಗ ಹಿಗ್ಗುವುದಿಲ್ಲ.

ಇದನ್ನು ಅಳೆಯುವ ವಿಧಾನವೂ ಇದೆ. ಬಿ.ಪಿ. ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು ಐದು ನಿಮಿಷ ರಕ್ತ ತಡೆದು, ಆಮೇಲೆ ಒಮ್ಮೆಲೇ ಬಿಡುತ್ತಾರೆ. ನುಗ್ಗಿ ಬಂದ ರಕ್ತಕ್ಕೆ ತೋಳಿನ ನಾಳ ಎಷ್ಟು ಅಗಲವಾಯಿತು ಅಂತ ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತಾರೆ. ನಿಮ್ಮಂಥವರ ಮೇಲೇ ಮಾಡಿದ ಒಂದು ಅಧ್ಯಯನ ಇಟಲಿಯ ನೇಪಲ್ಸ್‌ನಿಂದ 2000ದಲ್ಲಿ ಬಂತು. ಅಪ್ಪನಿಗೋ ಅಮ್ಮನಿಗೋ ಚಿಕ್ಕ ವಯಸ್ಸಿನಲ್ಲೇ ಹಾರ್ಟ್ ಅಟ್ಯಾಕ್ ಆಗಿದ್ದ, ತಮಗೆ ಮಾತ್ರ ಏನೂ ತೊಂದರೆ ಇಲ್ಲದ 40 ಜನ ಎಳೆಯರನ್ನು ಆರಿಸಿಕೊಂಡಿದ್ದರು. ವಯಸ್ಸು ಸರಾಸರಿ 20ರ ಆಸುಪಾಸು. ಉಳಿದ ಮಕ್ಕಳಿಗೆ ಹೋಲಿಸಿದರೆ ಇವರ ತೋಳಿನ ನಾಳ ಕಡಿಮೆ ಹಿಗ್ಗುತ್ತಿತ್ತು, ಕತ್ತಿನ ನಾಳದ ಗೋಡೆ ಕೂದಲೆಳೆಯಷ್ಟು ದಪ್ಪವಾಗಿತ್ತು.

ಹಾಗಂತ ನೀವು ಈ ಪರೀಕ್ಷೆ ಹುಡುಕಿಕೊಂಡು ಹೋಗಬೇಡಿ. ಹಿಂದಿನ ರಾತ್ರಿ ನಿದ್ದೆಗೆಟ್ಟರೆ, ಬೆಳಗ್ಗೆ ಕಾಫಿ ಕುಡಿದರೆ, ಒಂದು ಸಿಗರೇಟು ಸೇದಿ ಬಂದರೆ ಇದರ ಅಂಕಿ ಏರುಪೇರಾಗುತ್ತದೆ. ನೂರು ಜನರ ಗುಂಪಿನ ಬಗ್ಗೆ ಹೇಳುವುದಕ್ಕೆ ಒಳ್ಳೆಯ ಪರೀಕ್ಷೆ, ಒಬ್ಬ ಮನುಷ್ಯನ ಬಗ್ಗೆ ಹೇಳುವುದಕ್ಕೆ ಅಷ್ಟಾಗಿ ಅಲ್ಲ. ಕತ್ತಿನ ನಾಳದ ಗೋಡೆ ಅಳೆಯುವುದಕ್ಕೂ ಹೆಚ್ಚುಕಡಿಮೆ ಇದೇ ಮಾತು.

ಆದರೆ ಗಂಡಸಿನ ದೇಹದಲ್ಲಿ ಇದೇ ಪರೀಕ್ಷೆ ಯಾವ ಯಂತ್ರವೂ ಇಲ್ಲದೆ ನಡೆಯುವ ಒಂದು ಜಾಗ ಇದೆ. ನೀವು ಕೇಳಿಲ್ಲ, ಯಾರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ.

ಲೈಂಗಿಕ ನಿಮಿರುವಿಕೆ ನಡೆಯುವುದೇ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗಿ ನಾಳ ಹಿಗ್ಗುವುದರಿಂದ. ಆ ನಾಳಗಳ ಅಗಲ 1ರಿಂದ 2 ಮಿಲಿಮೀಟರ್. ಹೃದಯದ ನಾಳಗಳು 3ರಿಂದ 4 ಮಿಲಿಮೀಟರ್. ಕಾಯಿಲೆ ದೇಹದ ಎಲ್ಲ ನಾಳಗಳಲ್ಲೂ ಒಟ್ಟಿಗೇ ಬೆಳೆಯುತ್ತಿದ್ದರೂ ಸಣ್ಣ ನಾಳಕ್ಕೆ ತೊಂದರೆ ಮೊದಲು ಗೊತ್ತಾಗುತ್ತದೆ. ಎದೆನೋವು ಕಾಣಿಸಿಕೊಳ್ಳುವ ಎರಡರಿಂದ ಐದು ವರ್ಷ ಮುಂಚೆಯೇ ನಿಮಿರುವಿಕೆಯ ತೊಂದರೆ ಬಂದಿತ್ತು ಎಂದು ಹೃದ್ರೋಗಿಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ನಲವತ್ತರ ಆಸುಪಾಸಿನವರಲ್ಲಿ ಈ ಸೂಚನೆಗೆ ಬೆಲೆ ಇನ್ನೂ ಜಾಸ್ತಿ. ಎಪ್ಪತ್ತರ ಅಜ್ಜನಲ್ಲಿ ಅದಕ್ಕೆ ನೂರು ಕಾರಣ ಇರಬಹುದು.

ಇದನ್ನು ಓದಿ ಗಾಬರಿ ಬೀಳುವ ಮೊದಲು ಒಂದು ಮಾತು. ಮೂವತ್ತರ ಹುಡುಗರಲ್ಲಿ ಈ ತೊಂದರೆಗೆ ಕೆಲಸದ ಒತ್ತಡ, ಆತಂಕ, ಗಂಡಹೆಂಡತಿ ನಡುವಿನ ಮುನಿಸು, ಕುಡಿತವೇ ಕಾರಣ ಆಗಿರುವುದು ಹೆಚ್ಚು. ವ್ಯತ್ಯಾಸ ತಿಳಿಯಲು ಒಂದು ಸುಲಭದ ಗುರುತಿದೆ. ಬೆಳಗ್ಗೆ ಏಳುವಾಗ ಎಲ್ಲ ಸರಿಯಾಗಿದ್ದು, ಕೆಲವು ಸಂದರ್ಭದಲ್ಲಿ ಮಾತ್ರ ತೊಂದರೆಯಾದರೆ ಅದು ಬಹುಪಾಲು ಮನಸ್ಸಿನದು. ಬೆಳಗಿನದ್ದೂ ಸೇರಿ ಎಲ್ಲವೂ ತಿಂಗಳುಗಟ್ಟಲೆ ನಿಧಾನಕ್ಕೆ ಕಡಿಮೆಯಾಗುತ್ತಾ ಬಂದರೆ ಬಿ.ಪಿ., ಶುಗರ್, ಕೊಲೆಸ್ಟ್ರಾಲ್ ನೋಡಿಸಲೇಬೇಕು. ನಮ್ಮವರು ಮಾಡುವುದು ಏನು? ಮೆಡಿಕಲ್ ಶಾಪಿನಲ್ಲಿ ಮೆಲ್ಲಗೆ ಕೇಳಿ ಸಿಲ್ಡೆನಾಫಿಲ್ (ವಯಾಗ್ರ) ಮಾತ್ರೆ ತಂದುಕೊಳ್ಳುತ್ತಾರೆ. ಎಚ್ಚರಿಕೆ ಗಂಟೆ ಬಾರಿಸಿದರೆ ಗಂಟೆಯ ಬಾಯಿಗೆ ಬಟ್ಟೆ ತುರುಕಿದ ಹಾಗೆ. ಇನ್ನೊಂದು ಅಪಾಯವೂ ಇದೆ: ಆ ಮಾತ್ರೆ ತೆಗೆದುಕೊಂಡವರಿಗೆ ಎದೆನೋವು ಬಂದು, ಮನೆಯಲ್ಲಿ ಅಪ್ಪನಿಗೆ ಅಂತ ಇಟ್ಟಿದ್ದ ನಾಳ ಹಿಗ್ಗಿಸುವ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆ ಕೆಳಗೆ ಇಟ್ಟುಕೊಂಡರೆ ಬಿ.ಪಿ. ಪಾತಾಳಕ್ಕೆ ಇಳಿದು ಪ್ರಾಣಕ್ಕೇ ಸಂಚಕಾರ. ಆಸ್ಪತ್ರೆಗೆ ಹೋದಾಗ ನಾಚಿಕೆ ಬಿಟ್ಟು ‘ಇಂಥ ಮಾತ್ರೆ ತಗೊಂಡಿದ್ದೆ’ ಅಂತ ಹೇಳಿ.

ಕಣ್ಣಿಗೆ ಕಾಣುವ ಗುರುತುಗಳೂ ಕೆಲವಿವೆ. ಕಣ್ಣರೆಪ್ಪೆಯ ಮೂಗಿನ ಕಡೆಯ ಮೂಲೆಯಲ್ಲಿ ಹಳದಿ ಬಣ್ಣದ ಚಪ್ಪಟೆ ಗಂಟು. ಕಪ್ಪುಗುಡ್ಡೆಯ ಸುತ್ತ ಬೂದು ಬಿಳಿ ಉಂಗುರ, ಅದೂ 45 ದಾಟುವ ಮೊದಲೇ. ಹಿಮ್ಮಡಿಯ ಮೇಲಿನ ದಪ್ಪ ನರದಂಥ ಭಾಗ ಗಂಟುಗಂಟಾಗಿ ದಪ್ಪವಾಗಿರುವುದು. ಇವುಗಳಲ್ಲಿ ಕೊನೆಯದು ಬಹಳ ಮುಖ್ಯ. ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತ ಇರುವ ವಂಶದ ಕಾಯಿಲೆಯ ಗುರುತು ಅದು. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಆ ಕಾಯಿಲೆ ಇರುತ್ತದೆ. ಸಾಮಾನ್ಯವಾಗಿ ಎಲ್‌ಡಿಎಲ್ 190 ದಾಟಿರುತ್ತದೆ. ನಿಮ್ಮದು 148, ಹಾಗಾಗಿ ನಿಮಗೆ ಇರುವ ಸಾಧ್ಯತೆ ಕಡಿಮೆ. ಆದರೆ ಅಪ್ಪನ ಹಳೇ ರಿಪೋರ್ಟು, ಸ್ಟೆಂಟ್ ಹಾಕುವ ಮೊದಲಿನದು ಸಿಕ್ಕರೆ ತೆಗೆದು ನೋಡಿ. ಈಗಿನದು ಮಾತ್ರೆ ತಿಂದು ಇಳಿದಿರುವ ಅಂಕಿ.

ಕುತ್ತಿಗೆಯ ಹಿಂಭಾಗ, ಕಂಕುಳು ಕಪ್ಪಾಗಿ ಮಖಮಲ್ ಬಟ್ಟೆಯ ಹಾಗೆ ದಪ್ಪವಾಗಿದೆಯಾ? ಅದು ಕೊಳೆಯಲ್ಲ, ಉಜ್ಜಿದರೆ ಹೋಗುವುದಿಲ್ಲ. ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಸುಳಿವು. ಟೇಪ್ ತೆಗೆದುಕೊಂಡು ಹೊಕ್ಕುಳ ಮಟ್ಟದಲ್ಲಿ ಸೊಂಟ ಅಳೆಯಿರಿ. ನಮ್ಮ ಜನರಲ್ಲಿ ಗಂಡಸಿಗೆ 90 ಸೆಂಟಿಮೀಟರ್ ದಾಟಿದರೆ ಜಾಸ್ತಿಯೇ, ಕೈಕಾಲು ಸಣ್ಣಗಿದ್ದರೂ ಸರಿ. ನಿಮ್ಮ ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 34 ನೋಡಿದರೆ ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ ಅಂತ ನನ್ನ ಊಹೆ. ತಪ್ಪಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಕಿವಿಯ ತುದಿಯಲ್ಲಿ ಓರೆಯಾಗಿ ಗೆರೆ ಇದ್ದರೆ ಹೃದಯದ ಕಾಯಿಲೆ ಅಂತ ವಾಟ್ಸ್ಯಾಪಿನಲ್ಲಿ ಓಡಾಡುವ ಚಿತ್ರ ನಿಮಗೂ ಬಂದಿರಬಹುದು. 1973ರಲ್ಲಿ ಫ್ರಾಂಕ್ ಎಂಬ ವೈದ್ಯರು ಇದನ್ನು ಬರೆದದ್ದು ನಿಜ, ಸಂಬಂಧ ಇರಬಹುದು ಕೂಡ. ಆದರೆ ಅದನ್ನು ನಂಬಿ ಯಾವ ನಿರ್ಧಾರವನ್ನೂ ಮಾಡಲಾಗುವುದಿಲ್ಲ. ಕನ್ನಡಿ ಮುಂದೆ ಕಿವಿ ಹಿಡಿದು ನಿಲ್ಲುವುದರ ಬದಲು ಬಿ.ಪಿ. ನೋಡಿಸಿ.

ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಎರಡು ನಿಮಿಷದಲ್ಲಿ ಬಿಟ್ಟುಹೋಗುವ ನೋವು ಕಾಲಿನ ನಾಳದ ಕಾಯಿಲೆಯ ಲಕ್ಷಣ. ನಿಮ್ಮ ವಯಸ್ಸಿನಲ್ಲಿ ಅದು ಅಪರೂಪ. ಬೀಡಿ, ಸಿಗರೇಟು ಜಾಸ್ತಿ ಸೇದುವ ಯುವಕರಲ್ಲಿ ಮಾತ್ರ ಬರ್ಗರ್ ಕಾಯಿಲೆ ಅಂತ ಒಂದಿದೆ. ಕೊಬ್ಬಿನಿಂದ ಬರುವಂಥದ್ದಲ್ಲ, ನಾಳವೇ ಉರಿಯೂತದಿಂದ ಮುಚ್ಚಿಹೋಗುತ್ತದೆ. ಕಾಲ್ಬೆರಳ ತುದಿ ಕಪ್ಪಾಗುವುದು, ವಾಸಿಯಾಗದ ಹುಣ್ಣು. ಅದಕ್ಕೆ ಹೊಗೆ ಬಿಡುವುದೇ ಮದ್ದು, ಬಿಡದಿದ್ದರೆ ಬೆರಳು ಕತ್ತರಿಸುವ ಹಂತಕ್ಕೂ ಹೋಗುತ್ತದೆ.

‘ಮೂರೋ ನಾಲ್ಕೋ, ಅಷ್ಟೇ’ ಅಂದಿರಲ್ಲ, ಅದಕ್ಕೆ ಬರೋಣ. ಇಪ್ಪತ್ತು ಸೇದುವವನಿಗೆ ಇರುವ ಅಪಾಯದಲ್ಲಿ ಒಂದು ಸೇದುವವನಿಗೆ ಇಪ್ಪತ್ತರಲ್ಲಿ ಒಂದು ಪಾಲು ಇರಬೇಕಲ್ವಾ? ಶ್ವಾಸಕೋಶದ ಕ್ಯಾನ್ಸರ್ ಹೆಚ್ಚುಕಡಿಮೆ ಆ ಲೆಕ್ಕದಲ್ಲೇ ನಡೆಯುತ್ತದೆ. ಹೃದಯ ಹಾಗಲ್ಲ. 2018ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ, ದಿನಕ್ಕೆ ಒಂದೇ ಸಿಗರೇಟು ಸೇದುವ ಗಂಡಸಿನ ಹೃದ್ರೋಗದ ಹೆಚ್ಚುವರಿ ಅಪಾಯ, ಇಪ್ಪತ್ತು ಸೇದುವವನ ಹೆಚ್ಚುವರಿ ಅಪಾಯದ ಹತ್ತಿರ ಹತ್ತಿರ ಅರ್ಧದಷ್ಟು ಇತ್ತು. ರಕ್ತ ಹೆಪ್ಪುಗಟ್ಟಿಸುವುದಕ್ಕೆ, ಒಳಪದರ ಕೆಡಿಸುವುದಕ್ಕೆ ಸ್ವಲ್ಪ ಹೊಗೆಯೇ ಸಾಕು. ಹಾಗಾಗಿ ನಾಲ್ಕರಿಂದ ಎರಡಕ್ಕೆ ಇಳಿಸಿದೆ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. ಸೊನ್ನೆ ಮಾಡಬೇಕು. ಜಿಮ್‌ನಲ್ಲಿ ಯಾರಾದರೂ ಮೈಕಟ್ಟಿಗೆ ಅಂತ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಅದಕ್ಕೂ ಇದೇ ಮಾತು. ಅದು ಎಚ್‌ಡಿಎಲ್ ಅನ್ನು ನೆಲಕ್ಕೆ ಇಳಿಸುತ್ತದೆ.

ಹಾಸನದ ಸುದ್ದಿ ಬಗ್ಗೆ: ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿ ವಿಚಾರಿಸಿತು. ಹಿಂದಿನದಕ್ಕೆ ಹೋಲಿಸಿದರೆ ದಿಢೀರ್ ಏರಿಕೆ ಕಾಣಲಿಲ್ಲ ಅಂತ ಸಮಿತಿ ಹೇಳಿತು. ಸತ್ತವರಲ್ಲಿ ಹಲವರಿಗೆ ಹೊಗೆ, ಬಿ.ಪಿ., ಶುಗರ್, ಮನೆತನದ ಚರಿತ್ರೆ ಇವುಗಳಲ್ಲಿ ಯಾವುದಾದರೂ ಇತ್ತು. ಆಟೊ, ಕ್ಯಾಬ್ ಓಡಿಸುವವರು ಎದ್ದು ಕಾಣುವಷ್ಟಿದ್ದರು. ಅಂದರೆ ಹಾಸನದ ನೀರಿನಲ್ಲಿ ಏನೋ ಇಲ್ಲ. ನಮ್ಮೆಲ್ಲರ ಊರಿನ ಕಥೆಯೇ ಅಲ್ಲಿ ಸುದ್ದಿಯಾಯಿತು. ಹಾರ್ಟ್ ಅಟ್ಯಾಕ್‌ಗೆ ಕಾರಣ ಹುಡುಕಲು 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನವೂ ಇದನ್ನೇ ಹೇಳಿತ್ತು. ಅದರ ಮುಖ್ಯಸ್ಥ ಸಲೀಂ ಯೂಸುಫ್ ಓದಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನಲ್ಲಿ. ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಆಗುವ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59. ಈ ಆರು ವರ್ಷದ ಅಂತರಕ್ಕೆ ಕಾರಣ ಬಹುಪಾಲು ಅವೇ ಹಳೇ ಕಾರಣಗಳು, ನಮ್ಮಲ್ಲಿ ಬೇಗ ಬರುತ್ತವೆ ಅಷ್ಟೇ.

ಈಗ ನೀವು ಮಾಡಿಸಬೇಕಾದ್ದು. ಮತ್ತೊಂದು ಟಿ.ಎಂ.ಟಿ. ಬೇಡ. ಲೈಪೊಪ್ರೋಟೀನ್-ಎ ಅಂತ ಒಂದು ರಕ್ತ ಪರೀಕ್ಷೆ ಇದೆ. ಲ್ಯಾಬಿನವರು ‘ಎಲ್‌ಪಿ ಸ್ಮಾಲ್ ಎ’ ಅನ್ನುತ್ತಾರೆ. ಮಾಮೂಲಿ ಲಿಪಿಡ್ ಪ್ರೊಫೈಲ್‌ನಲ್ಲಿ ಇದು ಬರುವುದಿಲ್ಲ, ಕೇಳಿ ಮಾಡಿಸಬೇಕು. ಇದು ಎಲ್‌ಡಿಎಲ್‌ನ ಪೋಲಿ ತಮ್ಮನಿದ್ದ ಹಾಗೆ, ಗೋಡೆಗೂ ಸೇರುತ್ತದೆ, ಹೆಪ್ಪುಗಟ್ಟುವುದಕ್ಕೂ ಕುಮ್ಮಕ್ಕು ಕೊಡುತ್ತದೆ. ಊಟ, ವ್ಯಾಯಾಮದಿಂದ ಇದರ ಮಟ್ಟ ಬದಲಾಗುವುದಿಲ್ಲ, ಅಪ್ಪ ಅಮ್ಮನಿಂದ ಬಂದದ್ದು ಬಂದಷ್ಟೇ. ಡೆಸಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ ದಾಟಿದರೆ ಹೆಚ್ಚು. ಭಾರತೀಯರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೆಚ್ಚಿದೆ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಕೊಟ್ಟ ಸಲಹೆಯಲ್ಲಿ, ಎಲ್ಲರೂ ಜೀವನದಲ್ಲಿ ಒಂದು ಸಲವಾದರೂ ಇದನ್ನು ನೋಡಿಸಿಕೊಳ್ಳಬೇಕು ಅಂದಿದೆ. ಮೊದಲ ಲಿಪಿಡ್ ಪರೀಕ್ಷೆ 18ಕ್ಕೇ ಆಗಬೇಕು ಅಂತಲೂ ಹೇಳಿದೆ. ಇದರ ಜೊತೆ ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಎಚ್‌ಬಿಎ1ಸಿ ಮಾಡಿಸಿ. 5.7ರಿಂದ 6.4 ಬಂದರೆ ಶುಗರ್ ಹೊಸ್ತಿಲಲ್ಲಿ ನಿಂತಿದೆ ಎಂದರ್ಥ. ಒಂದು ವಾರ ಮನೆಯಲ್ಲೇ ಕೂತು ಬೆಳಗ್ಗೆ ಸಂಜೆ ಬಿ.ಪಿ. ಬರೆದಿಡಿ.

ಕ್ಯಾಲ್ಸಿಯಂ ಸ್ಕೋರ್ ಸಿ.ಟಿ. ಬಗ್ಗೆ ನಿಮಗೆ ಯಾರಾದರೂ ಹೇಳಿಯೇ ಇರುತ್ತಾರೆ. ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿದೆಯಾ ಅಂತ ಅದು ನೋಡುತ್ತದೆ. ಸುಣ್ಣ ಕಟ್ಟುವುದು ಕಾಯಿಲೆ ಹಳೆಯದಾದ ಮೇಲೆ. ಹಾಗಾಗಿ 32ರಲ್ಲಿ ಸೊನ್ನೆ ಬಂದರೆ ಕುಣಿಯುವ ಹಾಗಿಲ್ಲ, ಮೆತ್ತನೆಯ ಗಡ್ಡೆ ಇದ್ದರೂ ಸೊನ್ನೆಯೇ ಬರಬಹುದು. ಸೊನ್ನೆಗಿಂತ ಜಾಸ್ತಿ ಬಂದರೆ ಮಾತ್ರ ಅದು ದೊಡ್ಡ ಸುದ್ದಿ. ಅಮೆರಿಕದ ಕಾರ್ಡಿಯಾ ಅಧ್ಯಯನದಲ್ಲಿ 32ರಿಂದ 46ರ ವಯಸ್ಸಿನಲ್ಲಿ ಸ್ವಲ್ಪವಾದರೂ ಸುಣ್ಣ ಇದ್ದವರಿಗೆ ಮುಂದೆ ಹೃದಯದ ಕಾಯಿಲೆ ಬರುವ ಸಾಧ್ಯತೆ ಇಲ್ಲದವರಿಗಿಂತ ಸುಮಾರು ಐದು ಪಟ್ಟು ಇತ್ತು. ನನ್ನ ಅಭಿಪ್ರಾಯ ಕೇಳಿದರೆ, ಈಗ ಬೇಡ, ನಲವತ್ತರ ಹತ್ತಿರ ಮಾಡಿಸಿ. ನಿಮಗೆ ಚಿಕಿತ್ಸೆ ಬೇಕು ಅನ್ನುವುದಕ್ಕೆ ಈಗಿರುವ ಕಾರಣಗಳೇ ಸಾಕಷ್ಟಿವೆ. ಲಕ್ಷಣವೇ ಇಲ್ಲದೆ ಆಂಜಿಯೋಗ್ರಾಂ ಮಾಡಿಸುವ ಯೋಚನೆಯಂತೂ ಬಿಟ್ಟುಬಿಡಿ.

ಚಿಕಿತ್ಸೆ ಅಂದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಾ? ಇರಬಹುದು. ಸಿಗರೇಟು ಬಿಟ್ಟು, ರಾತ್ರಿಯ ಅನ್ನ ಮತ್ತು ವಾರಾಂತ್ಯದ ಕುಡಿತ ಕಡಿಮೆ ಮಾಡಿ, ಮೂರು ತಿಂಗಳ ನಂತರ ಮತ್ತೆ ನೋಡಿದಾಗ ಟ್ರೈಗ್ಲಿಸರೈಡ್ ಚೆನ್ನಾಗಿ ಇಳಿಯುತ್ತದೆ. ಎಲ್‌ಡಿಎಲ್ ಅಷ್ಟು ಇಳಿಯುವುದಿಲ್ಲ, ಅದು ಲಿವರ್ ಮತ್ತು ವಂಶದ ಆಟ. ಅಪ್ಪನಿಗೆ 55ಕ್ಕಿಂತ ಮೊದಲೇ ಅಟ್ಯಾಕ್ ಆಗಿದ್ದರೆ ಮಗನಿಗೆ ಅಪಾಯ ಹೆಚ್ಚು ಅಂತಲೇ ಲೆಕ್ಕ. ಚಿಕ್ಕಪ್ಪ ಆ ಲೆಕ್ಕದಲ್ಲಿ ಬರುವುದಿಲ್ಲ, ಆದರೂ ನಾನಾದರೆ ಬರೆದುಕೊಳ್ಳುತ್ತೇನೆ. ಲೈಪೊಪ್ರೋಟೀನ್-ಎ ಕೂಡ ಹೆಚ್ಚು ಬಂದರೆ ಎಲ್‌ಡಿಎಲ್ ಅನ್ನು 100ರ ಕೆಳಗೆ, ಬೇಕಾದರೆ 70ರ ಕೆಳಗೆ ಇಳಿಸಲು ಮಾತ್ರೆ ಶುರು ಮಾಡುವ ಮಾತು ಬಂದೇ ಬರುತ್ತದೆ. ಆ ನಿರ್ಧಾರ ನಿಮ್ಮನ್ನು ಕಣ್ಣಾರೆ ನೋಡುವ ವೈದ್ಯರದ್ದು. ಅಪ್ಪನ ಡಬ್ಬಿಯಿಂದ ನೀವೇ ತೆಗೆದು ನುಂಗಬೇಡಿ.

ಇಷ್ಟರ ನಡುವೆ, ಮೆಟ್ಟಿಲು ಹತ್ತುವಾಗ ಅಥವಾ ಬೈಕ್ ತಳ್ಳುವಾಗ ಎದೆ ಹಿಡಿದ ಹಾಗಾಗಿ, ನಿಂತರೆ ಹೋಗುತ್ತದೆ ಅನ್ನುವುದು ಶುರುವಾದರೆ ಅದು ‘ಮೊದಲ ಸೂಚನೆ’ ಅಲ್ಲ, ತಡವಾಗಿ ಬಂದ ಸೂಚನೆ. ಅದೇ ವಾರ ಡಾಕ್ಟರ ಹತ್ತಿರ ಹೋಗಿ. ಸುಮ್ನೆ ಕೂತಿದ್ದಾಗಲೇ ಎದೆಯ ಮೇಲೆ ಚಪ್ಪಡಿ ಇಟ್ಟ ಹಾಗಾಗಿ, ಬೆವರಿ, ದವಡೆಗೋ ಎಡಗೈಗೋ ಹಬ್ಬಿದರೆ ಒಂದು ನಿಮಿಷವೂ ಕಾಯಬೇಡಿ. ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಿದವರ ಕಥೆ ನಮ್ಮ ಕಡೆ ಪ್ರತಿ ಊರಿನಲ್ಲೂ ಒಂದಿದೆ. 108ಕ್ಕೆ ಫೋನ್ ಮಾಡಿ. ಊರಿನಲ್ಲಿದ್ದರೆ ಬೆಂಗಳೂರಿಗೆ ಕಾರು ಓಡಿಸುವ ಸಾಹಸ ಬೇಡ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇ.ಸಿ.ಜಿ. ತೆಗೆದು ತಜ್ಞರಿಗೆ ಕಳಿಸಿ, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಇದೆಯಾ ಅಂತ ಮುಂದಿನ ಸಲ ಊರಿಗೆ ಹೋದಾಗ ವಿಚಾರಿಸಿ ಇಟ್ಟುಕೊಳ್ಳಿ, ಅಪ್ಪನಿಗೂ ಬೇಕಾಗಬಹುದು.

ನಿಮಗೆ ಅಣ್ಣ ತಮ್ಮ, ಅಕ್ಕ ತಂಗಿ ಇದ್ದಾರಾ ಅಂತ ಬರೆದಿಲ್ಲ. ಇದ್ದರೆ ಲೈಪೊಪ್ರೋಟೀನ್-ಎ ಅವರಿಗೂ ಒಮ್ಮೆ ಮಾಡಿಸಿ. ‘ಅವಳು ಹೆಣ್ಣುಮಗಳು, ಅವಳಿಗೆ ಯಾಕೆ’ ಅಂತ ತಂಗಿಯನ್ನು ಬಿಟ್ಟುಬಿಡಬೇಡಿ. ಅಪ್ಪನಿಂದ ಅದು ನಿಮಗೆ ಬರುವ ಸಾಧ್ಯತೆ ಎಷ್ಟಿದೆಯೋ ಅವಳಿಗೂ ಅಷ್ಟೇ ಇದೆ.